ಹೆಬ್ಬೆರಳಿನ ಕುಳಿ

ನಮ್ಮಕ್ಕನ ಮನೆಯಲ್ಲಿ ಅಡುಗೆಮನೆಯ ಬಾಗಿಲು ಹಾಕಲು ಬರುತ್ತಿರಲಿಲ್ಲ. ಭಾವ ಸ್ವತಃ ಬಳಿದ ದಪ್ಪ ಪೇಂಟಿನಿಂದಾಗಿ ಅದು ಚೌಕಟ್ಟಿಗೆ ಕಚ್ಚಿಕೊಂಡು ಅರ್ಧಕ್ಕೇ ನಿಲ್ಲುತ್ತಿತ್ತು. ಒಲೆಯ ಹೊಗೆಯೆಲ್ಲ ಮಲಗುವ ಕೋಣೆಗೆ. ಅದೇ ಮನೆಯ ಗಾಜಿನ ಕಪಾಟಿನಲ್ಲಿ ಊರಿನ ಬಡಗಿಗಳಿಗೆಲ್ಲ ಹಂಚಿ ಮಿಗುವಷ್ಟು ಹತ್ತರಿಗಳಿದ್ದವು. ಹತ್ತರಿ ಇರುವುದು ಮರದ ಮೈ ಹೆರೆದು ನುಣುಪು ಮಾಡಲಿಕ್ಕೆ. ಭಾವನ ಮಟ್ಟಿಗೆ ಅದು ಒರೆಸಿ ಇಡುವ ವಸ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ.

ನಿವೃತ್ತರಾದ ಮೇಲೆ ಹಿಡಿದ ಗೀಳು ಅದು. ಗುಜರಿ ಅಂಗಡಿಗಳಲ್ಲಿ ತಡಕಾಡಿ ತುಕ್ಕು ಹಿಡಿದ ಹತ್ತರಿ ತರುವುದು, ಅಲಗನ್ನು ವಿನೆಗರಿನಲ್ಲಿ ನೆನೆಹಾಕುವುದು, ಸಾಣೆಕಲ್ಲಿನ ಮೇಲೆ ಮುಖ ಕಾಣುವಂತೆ ಮಸೆಯುವುದು. ಆಮೇಲೆ ಒಂದು ತುಂಡು ಮರದ ಮೇಲೆ ಒಂದೇ ಸಲ ಓಡಿಸಿ, ಬಂದ ಸಿಪ್ಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡು, ಇದರೊಳಗಿಂದ ಆಚೆ ಮನೆ ಕಾಣುತ್ತೆ" ಅನ್ನುವುದು. ಆಚೆ ಮನೆ ಸಿಪ್ಪೆ ಇಲ್ಲದೆಯೂ ಚೆನ್ನಾಗಿಯೇ ಕಾಣುತ್ತಿತ್ತು.

"ಆ ಬಾಗಿಲನ್ನ ಒಂಚೂರು ಹೆರೀಬಾರದಾ?" ಎಂದು ಅಕ್ಕ ಕೇಳಿದರೆ ಭಾವ ಕಪಾಟಿಗೆ ಅಡ್ಡ ನಿಲ್ಲುತ್ತಿದ್ದರು.

"ಪೇಂಟ್ ಇದೆ ಕಣೆ ಅದಕ್ಕೆ. ಅಲಗು ಹಾಳಾಗುತ್ತೆ."

"ಹಾಗಾದ್ರೆ ಅಪ್ಪನ ಹತ್ತರಿ ಮಸೆದುಕೊಡಿ, ನಾನೇ ಹೆರೀತೀನಿ. ಅಲಗು ಮಾತ್ರ. ಬೇರೇನೂ ಮುಟ್ಟಬೇಡಿ."

ನಮ್ಮಪ್ಪ ಬಡಗಿ. ಅವರು ಬಿಟ್ಟುಹೋದದ್ದು ಆ ಮರದ ಹತ್ತರಿಯೊಂದೇ. ಬೆವರು ಕುಡಿದು ಕಪ್ಪಾಗಿದ್ದ ಅದರ ಹಿಡಿಯಲ್ಲಿ, ಅಪ್ಪನ ಹೆಬ್ಬೆರಳು ಕೂತು ಕೂತು ಒಂದು ಕುಳಿ ಬಿದ್ದಿತ್ತು. ಮನಸ್ಸು ಕೆಟ್ಟಾಗ ಅಕ್ಕ ಅದಕ್ಕೆ ಬೆರಳಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಹೋದಾಗಲೆಲ್ಲ ನಾನೂ ಹಾಗೇ ಮಾಡುತ್ತಿದ್ದೆ. ನಮ್ಮಿಬ್ಬರ ಪಾಲಿಗೆ ಅಪ್ಪ ಅಂತ ಉಳಿದಿದ್ದು ಅಷ್ಟೇ ಜಾಗ.

ಅಲಗು ಮಸೆದು ಸುಮ್ಮನಿರಲು ಭಾವ ಅಂಥ ಆಸಾಮಿಯೇ? ಒಂದು ಭಾನುವಾರ ತಮ್ಮಂಥ ಇಬ್ಬರು ಹತ್ತರಿಹುಚ್ಚರನ್ನು ಚಹಾಕ್ಕೆ ಕರೆದರು, ನನ್ನನ್ನೂ ಕರೆಸಿದರು. ಮೇಜಿನ ಮೇಲೆ ಮುಚ್ಚಿದ್ದ ಬಟ್ಟೆ ಎತ್ತಿದಾಗ ನನಗೆ ಗುರುತೇ ಸಿಗಲಿಲ್ಲ. ಫಳಫಳ ಹೊಳೆಯುವ ಹತ್ತರಿ, ನಿನ್ನೆ ಅಂಗಡಿಯಿಂದ ತಂದಂತಿತ್ತು.

"ನಮ್ಮ ಮಾವನವರದು," ಎಂದರು ಭಾವ. "ಕೊಳೆ ಎಲ್ಲ ತೆಗೆದೆ. ಹಿಡಿಯಲ್ಲಿ ಒಂದು ತಗ್ಗು ಬೇರೆ ಇತ್ತು. ಅದು ಹೋಗೋವರೆಗೂ ಉಜ್ಜಿ ಸಮ ಮಾಡಿ ವಾರ್ನಿಷ್ ಹೊಡೆದಿದೀನಿ."

"ತಗ್ಗು ಇದ್ದದ್ದೇ ಗೊತ್ತಾಗಲ್ಲ ಬಿಡಿ," ಎಂದು ಗೆಳೆಯನೊಬ್ಬ ತಲೆದೂಗಿದ.

ಅಕ್ಕ ಹತ್ತರಿ ಎತ್ತಿಕೊಂಡಳು. ಹೆಬ್ಬೆರಳು ತನ್ನ ಜಾಗ ಹುಡುಕಿತು, ಜಾರಿತು, ಮತ್ತೆ ಹುಡುಕಿತು. ಭಾವ ಮಾತ್ರ ಶಾಭಾಸ್‌ಗಿರಿಗೆ ಕಾಯುತ್ತ ಹಲ್ಲು ಬಿಟ್ಟುಕೊಂಡು ನಿಂತಿದ್ದರು.

"ಅದು ತಗ್ಗಲ್ಲ," ಎಂದಳು ಅಕ್ಕ, ದನಿ ಏರಿಸದೆ. "ಅಪ್ಪನ ಬೆರಳು."

ಭಾವನ ಮುಖ ಹುಳ್ಳಗಾಯಿತು. "ಉಳಿ ತಗೊಂಡು ಇನ್ನೊಂದು ಕುಳಿ ಕೆತ್ತಿಕೊಡ್ಲಾ? ಎಷ್ಟು ಹೊತ್ತಿನ ಕೆಲಸ," ಎಂದರು. ಇಷ್ಟು ಓದಿದ ಮನುಷ್ಯನ ಬಾಯಿಂದ ಇಂಥ ಮಾತು ಬರುತ್ತದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

"ಅದು ಉಳಿಯಲ್ಲಿ ಆಗಿದ್ದಲ್ಲ ಕಣ್ರೀ. ಕೆಲಸ ಮಾಡಿ ಮಾಡಿ ಆಗಿದ್ದು. ಅಪ್ಪನಿಗೆ ಆಯುಸ್ಸೆಲ್ಲ ಹಿಡೀತು." ಅಕ್ಕ ಹತ್ತರಿಯನ್ನು ಅವರ ಕೈಗಿಟ್ಟು ಅಡುಗೆಮನೆ ಬಾಗಿಲು ತೋರಿಸಿದಳು. "ನೀವು ಇವತ್ತೇ ಶುರು ಮಾಡಿ."

ಗೆಳೆಯರು ಚಹಾ ಅರ್ಧಕ್ಕೇ ಬಿಟ್ಟು ಜಾಗ ಖಾಲಿ ಮಾಡಿದರು. ಭಾವ ಹೆರೆದರು. ಪೇಂಟಿನ ಚಕ್ಕೆ ಉದುರಿತು, ಅಲಗು ಕಿರುಗುಟ್ಟಿತು, ಅಂಗಿ ಬೆನ್ನಿಗಂಟಿತು. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ನಾನು ಅವರ ಪಾಲಿನ ಬಿಸ್ಕತ್ತನ್ನೂ ತಿಂದೆ. ಸಂಜೆಯ ಹೊತ್ತಿಗೆ ಬಾಗಿಲು ಸಲೀಸಾಗಿ ಹಾಕಿಕೊಂಡಿತು.

"ಸಾಕಾ?" ಎಂದರು ಭಾವ, ಏದುಸಿರು ಬಿಡುತ್ತ.

ಅಕ್ಕ ಬಾಗಿಲ ಕಡೆ ನೋಡಲೇ ಇಲ್ಲ. ಹತ್ತರಿ ತೆಗೆದುಕೊಂಡು ಹಿಡಿಯ ಮೇಲೆ ಹೆಬ್ಬೆರಳಿಟ್ಟು ನೋಡಿದಳು.

"ಕುಳಿ ಇನ್ನೂ ಬಿದ್ದಿಲ್ಲ," ಎಂದು ವಾಪಸು ಕೊಟ್ಟಳು. "ನಾಳೆ ಬಚ್ಚಲುಮನೆ ಬಾಗಿಲು."