ಅಡ್ಡ ಮಲಗಿದ ಗಾಜು

ಆ ನೀಲಿ ಗಾಜಿನ ಹಾಳೆ ಅಕ್ಕನ ಅಂಗಡಿಯಲ್ಲಿ ಉಳಿದಿದ್ದ ಕೊನೆಯದು. ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ಗಾಜಿನ ಮೈಯೊಳಗೆ ಮೇಲಿನಿಂದ ಕೆಳಕ್ಕೆ ತೆಳುವಾದ ಗೆರೆಗಳು ಹರಿದಿದ್ದವು. ಗ್ರಂಥಾಲಯದ ಕಿಟಕಿಗೆ ಬೇಕಾದ ತುಂಡುಗಳೆಲ್ಲ ಆ ಒಂದೇ ಹಾಳೆಯಿಂದ ಬರಬೇಕಿತ್ತು. ಯಾವ ತುಂಡನ್ನು ಎಲ್ಲಿ ಕತ್ತರಿಸಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆದವಳು ತಂಗಿ.

ಮುದ್ರಿಸಿದ ಅಳತೆಗಳ ಮೇಲೆ ಒಮ್ಮೆ ಕಣ್ಣಾಡಿಸಿ ಅಕ್ಕ ಕಟರ್ ಕೈಗೆತ್ತಿಕೊಂಡಳು.

"ನೋಡಿದ್ಯಾ ಅಕ್ಕಾ?"

"ನೋಡಿದೆ ಕಣೇ."

"ಹಾಗಾದ್ರೆ ಐದನೇ ತುಂಡಿನ ಅಗಲ ಎಷ್ಟು?"

ಅಕ್ಕ ನಕ್ಕಳು. "ಇದು ಅಂಕಿಗಳ ಸಂತೆ. ಇದ್ರಲ್ಲಿ ಏನಂತ ನೋಡ್ಲಿ? ನೀನು ಬರೆದಿದ್ದಲ್ವಾ, ಸರಿಯಾಗೇ ಇರುತ್ತೆ ಬಿಡು."

"ನನ್ನ ಅಡುಗೇಲಿ ಮಾತ್ರ ಹತ್ತು ತಪ್ಪು ಹುಡುಕ್ತೀಯ!"

"ಅಡುಗೆ ನಾಲಿಗೆಗೆ ತಿಳಿಯುತ್ತಮ್ಮ."

ಹೊಗಳಿಕೆಯಂತಿದ್ದ ಆ ನಂಬಿಕೆ ತಂಗಿಗೆ ಮುಳ್ಳಿನಂತೆ ಚುಚ್ಚಿತು. ಲೆಕ್ಕ ಎಡವಿದರೆ ಹಿಡಿಯಬಲ್ಲ ಕಣ್ಣು ಅಲ್ಲಿದ್ದುದು ಅದೊಂದೇ. ಬರೀ ಅಂಕಿಗಳನ್ನು ಕೊಟ್ಟು ಆ ಕಣ್ಣಿಗೆ ತಾನೇ ಬಟ್ಟೆ ಕಟ್ಟಿದ್ದಳು.

"ಇವತ್ತು ಕತ್ತರಿಸಬೇಡ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನೀನೇ ಹೇಳ್ತಿರ್ತೀಯ. ಗಾಜನ್ನ ಯಾಕೆ ಬಿಟ್ಟೆ?"

ತಂಗಿ ಲೆಕ್ಕವನ್ನು ಮುಟ್ಟಲಿಲ್ಲ, ಅದನ್ನು ತೋರಿಸುವ ರೀತಿಯನ್ನಷ್ಟೇ ಬದಲಿಸಿದಳು. ತುಂಡುಗಳೆಲ್ಲ ಕಿಟಕಿಯಲ್ಲಿ ಕೂತಾಗ ಹೇಗೆ ಕಾಣುವವೋ ಹಾಗೆ, ಗೆರೆಗಳ ಸಮೇತ, ನಿಜವಾದ ಅಳತೆಯ ಚಿತ್ರವನ್ನು ಮುದ್ರಿಸಿ ಮರುದಿನ ಮೇಜಿನ ಮೇಲೆ ಹಾಸಿದಳು.

ಅಕ್ಕ ಚಹಾದ ಲೋಟವನ್ನು ಕೆಳಗಿಡುವ ಮೊದಲೇ ಕೇಳಿದಳು: "ಇವನ್ಯಾರೇ? ಎಲ್ಲರೂ ನೆಟ್ಟಗೆ ನಿಂತಿರುವಾಗ ಒಬ್ಬನೇ ಅಡ್ಡ ಮಲಗಿದ್ದಾನೆ?"

ಜಾಗ ಉಳಿಸಲೆಂದು ಪ್ರೋಗ್ರಾಂ ಒಂದು ತುಂಡನ್ನು ತಿರುಗಿಸಿ ಇಟ್ಟಿತ್ತು. ಕಿಟಕಿಯಲ್ಲಿ ಅದರ ಗೆರೆಗಳು ಅಡ್ಡಡ್ಡ ಬರುತ್ತಿದ್ದವು. ಹಿಂದಿನ ದಿನದ ಅಂಕಿಗಳಲ್ಲೂ ಅದೇ ತಪ್ಪಿತ್ತು, ಯಾರಿಗೂ ಕಾಣದಂತೆ ಕುಳಿತಿತ್ತು.

ತುಂಡು ತಿರುಗಿಸಬಾರದೆಂದು ತಂಗಿ ತಿದ್ದಿದಾಗ ಗಾಜು ಎರಡು ಬೆರಳಿನಷ್ಟು ಸಾಲದೆ ಹೋಯಿತು. ಅಕ್ಕ ಗ್ರಂಥಾಲಯಕ್ಕೆ ಫೋನ್ ಮಾಡಿ, ಕಿಟಕಿಯ ಚೌಕಟ್ಟಿನ ಮರದ ಪಟ್ಟಿಯನ್ನು ಒಳಮುಖವಾಗಿ ಅಷ್ಟೇ ಅಗಲ ಮಾಡಿ ಗಾಜಿನ ಜಾಗ ಕಿರಿದಾಗಿಸಲು ಒಪ್ಪಿಸಿದಳು. ಹೊಸ ಚಿತ್ರ ಬಂತು.

ಈ ಸಲ ಅಕ್ಕ ಕನ್ನಡಕ ಏರಿಸಿ, ಕಾಗದದ ಮೇಲೆ ಬಾಗಿ, ಪೆನ್ಸಿಲಿನ ತುದಿಯಿಂದ ಒಂದೊಂದೇ ತುಂಡನ್ನು ಮುಟ್ಟುತ್ತಾ ಹೋದಳು. ಲೋಟದಲ್ಲಿ ಚಹಾ ಆರಿತು. ತಂಗಿ ತಡೆಯಲಾರದೆ ಕೇಳಿದಳು:

"ಸರಿ ಇದೆ ಅಲ್ವಾ ಅಕ್ಕಾ?"

"ಸುಮ್ನಿರೇ. ಇನ್ನೂ ನೋಡ್ತಿದೀನಿ."