ಎಡಗಡೆಯ ಹೊಗೆಕೊಳವೆ

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋಗಿ ಮನೆಯಲ್ಲಿ ನಾನೂ ಅತ್ತೆಯೂ ಮಾತ್ರ ಉಳಿದ ಮೊದಲ ಬೆಳಿಗ್ಗೆ. ಹಾಲಿನವನು ಎಂದಿನಷ್ಟೇ ಹಾಲು ಇಟ್ಟುಹೋಗಿದ್ದ. ಕಾಯಿಸಿದೆ. ಒಲೆ ಆರಿಸಿದೆ, ಮತ್ತೆ ಹಚ್ಚಿದೆ. ತೊಳೆದಿಟ್ಟ ಲೋಟಗಳನ್ನೇ ಇನ್ನೊಮ್ಮೆ ತೊಳೆದೆ.

"ಒಂದು ಕಡೆ ಕೂತ್ಕೋಬಾರ್ದೇನಮ್ಮ? ನಿನ್ನ ನೋಡಿ ನನಗೇ ತಲೆ ತಿರುಗ್ತಿದೆ," ಎಂದರು ಅತ್ತೆ.

ಹೋಗಿ ಅವನ ಕುರ್ಚಿಯಲ್ಲಿ ಕೂತೆ. ಮೇಜಿನ ಮೇಲೆ ಭೂತಗನ್ನಡಿ, ಅದರ ಕೆಳಗೆ ಒಂದು ಫೋಟೋ. ಹಳೆಯ, ಅಪರೂಪದ ವಿಮಾನಗಳನ್ನು ಫೋಟೋ ನೋಡಿಯೇ ಗುರುತಿಸುವುದು ನನ್ನ ಗಂಡನ ಹುಚ್ಚು. ಅದೇ ಹುಚ್ಚಿನ ಇನ್ನೂ ಕೆಲವರು ಬೇರೆ ಬೇರೆ ಊರುಗಳಲ್ಲಿದ್ದರು. ಕಂಪ್ಯೂಟರಿನಲ್ಲೇ ಅವರ ಜಗಳ, ಅಲ್ಲೇ ರಾಜಿ. ಬಾಲದ ಅಂಚು, ಚಕ್ರದ ಕಾಲು, ರೆಕ್ಕೆಗಳ ನಡುವಿನ ಕಂಬ, ಎಲ್ಲವನ್ನೂ ನೋಡುತ್ತ, ಯಾವುದಲ್ಲವೋ ಅದನ್ನು ಬಿಡುತ್ತ ಹೋಗುವುದು ಅವರ ಕ್ರಮ. ಫೋಟೋದಲ್ಲಿ ಮನುಷ್ಯರಿದ್ದರೆ ಅವನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳುತ್ತಿದ್ದ. "ಇವರು ಸುಮ್ನೆ ಅಡ್ಡ ಬರ್ತಾರೆ ಕಣೆ," ಎನ್ನುತ್ತಿದ್ದ.

ಈ ಫೋಟೋ ಬೀದಿಯ ಕೊನೆಯ ಕಟಿಂಗ್ ಶಾಪಿನಾತನದು, ನೋಡಿ ಕೊಡುತ್ತೇನೆಂದು ಇವನು ಕೇಳಿ ತಂದದ್ದು. ಆತನ ತೀರಿಹೋದ ಅಪ್ಪ ಕೋಟು ತೊಟ್ಟು, ಮೇಲೊಂದು ಕೆಳಗೊಂದು ರೆಕ್ಕೆಯ ವಿಮಾನದ ಪಕ್ಕ ನಿಂತಿದ್ದಾರೆ. ವಿಮಾನದ ಮೂಗಿನ ತುದಿ ಫೋಟೋದಾಚೆ ಹೋಗಿದೆ. ಮೈಮೇಲೆ ಅಕ್ಷರವಿಲ್ಲ, ಅಂಕಿಯಿಲ್ಲ. ಎಂಜಿನ್ನಿನ ಹೊಗೆಕೊಳವೆ ಎಡಗಡೆ. ಆ ಬಗೆಯ ನೂರಾರು ವಿಮಾನಗಳಲ್ಲಿ ಅದು ಬಲಗಡೆ ಇರುತ್ತದೆ. ಪರೀಕ್ಷೆಗೆಂದು ಕಟ್ಟಿದ ಒಂದೇ ಒಂದರಲ್ಲಿ ಮಾತ್ರ ಎಡಗಡೆ ಇತ್ತಂತೆ. ಅದರ ಫೋಟೋ ಯಾರಿಗೂ ಸಿಕ್ಕಿರಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ಗುಂಪಿಗೆ ಇದರ ಪ್ರತಿ ಕಳಿಸಿ ಬರೆದಿದ್ದ: ಸಿಕ್ಕಿತು. ಕಟಿಂಗ್ ಶಾಪಿನಾತನಿಗೂ ಹೇಳಿ ಬಂದಿದ್ದ.

ಫೋನ್ ಬಂತು. ಗುಂಪಿನ ಹಿರಿಯರು. ಯಾವ ವಿಮಾನವನ್ನೂ ಬಾಲದಿಂದಲೇ ನೋಡಲು ಶುರುಮಾಡುವುದರಿಂದ ಇವನು ಅವರಿಗೆ ಬಾಲದಜ್ಜ ಎಂದು ಹೆಸರಿಟ್ಟಿದ್ದ.

"ಮಗಳೇ, ಇವತ್ತು ಸಂಜೆ ನಮ್ಮ ಪತ್ರಿಕೆ ಹೊರಡುತ್ತೆ. ಮುಖಪುಟಕ್ಕೇ ಆ ಫೋಟೋ, ಕೆಳಗೆ ಅವನ ಹೆಸರು. ಜನ್ಮವಿಡೀ ಹುಡುಕಿದವನು ನಾನು, ಹಿಡಿದವನು ಆ ಕಳ್ಳ. ಏನಾದ್ರೂ ಸೇರಿಸ್ಬೇಕಾ?"

"ನೋಡಿ ಹೇಳ್ತೀನಿ."

ನೋಡುವುದೇನೂ ಇರಲಿಲ್ಲ. ಅವನ ಹೆಸರು ಒಂದು ಕಡೆಯಾದರೂ ಉಳಿಯುತ್ತದೆ ಎಂಬುದಷ್ಟೇ ನನಗೆ ಬೇಕಿತ್ತು. ಕೈ ಸುಮ್ಮನಿರಲಾರದೆ ಭೂತಗನ್ನಡಿ ಎತ್ತಿಕೊಂಡಿತು. ವಿಮಾನ ನನಗೆ ತಿಳಿಯದು, ಹಾಗಾಗಿ ಮನುಷ್ಯನನ್ನು ನೋಡಿದೆ. ಕೋಟಿನ ಗುಂಡಿಗಳ ಹತ್ತಿರ ಕಣ್ಣು ನಿಂತಿತು. ಏನೋ ಸರಿಯಿಲ್ಲ.

ಎದ್ದೆ. ಕೂತೆ. ಕೊನೆಯ ಸಲ ಅವನಿಗೆ ಅಂಗಿ ತೊಡಿಸಿ, ಎದುರಿನಿಂದ ಗುಂಡಿ ಹಾಕಿದವಳು ನಾನು. ಯಾವ ಪಟ್ಟಿ ಮೇಲೆ ಬರುತ್ತದೆಂದು ಬೆರಳುಗಳಿಗೆ ಇನ್ನೂ ನೆನಪಿತ್ತು. ಈ ಕೋಟಿನಲ್ಲಿ ಅದು ಉಲ್ಟಾ. ಬೀರು ತೆರೆದು ಅವನ ಅಂಗಿಗಳನ್ನೆಲ್ಲ ಮಂಚದ ಮೇಲೆ ಎಳೆದು ಹಾಕಿ ಒಂದೊಂದನ್ನೇ ನೋಡಿದೆ. ಎಲ್ಲದರಲ್ಲೂ ಎಡಗಡೆಯ ಪಟ್ಟಿಯೇ ಮೇಲೆ, ಫೋಟೋದ ಕೋಟಿನಲ್ಲಿ ಮಾತ್ರ ಬಲಗಡೆಯದು.

"ಇಷ್ಟು ಬೇಗ ಬೀರು ಖಾಲಿ ಮಾಡ್ತಿದ್ದೀಯೇನೇ?" ಬಾಗಿಲಲ್ಲಿ ಅತ್ತೆ.

"ಇಲ್ಲ ಅತ್ತೆ. ಗುಂಡಿ ನೋಡ್ತಿದ್ದೆ."

"ಗುಂಡಿ!" ಎಂದರು. ಮಂಚದ ತುದಿಗೆ ಕೂತು ಅಂಗಿ ಮಡಿಸತೊಡಗಿದರು.

ಸ್ಟುಡಿಯೋದವನು ನೆಗೆಟಿವ್ ತಿರುವಿಟ್ಟು ಫೋಟೋ ಮಾಡಿದ್ದ. ಬಲ ಎಡವಾಗಿತ್ತು, ಎಡ ಬಲವಾಗಿತ್ತು. ವಿಮಾನ ನೂರಾರರಲ್ಲಿ ಒಂದು, ಅಷ್ಟೇ. ಅವನು ಹೆಬ್ಬೆರಳಿನಡಿ ಮುಚ್ಚಿಟ್ಟ ಮನುಷ್ಯ ಅದನ್ನೇ ಹೇಳುತ್ತ ನಿಂತಿದ್ದ.

ಬಾಲದಜ್ಜನಿಗೆ ಫೋನ್ ಮಾಡಿ ಹೇಳಿದೆ.

"ಥೂ. ಅಷ್ಟೂ ಜನ ನೋಡಿದ್ವಲ್ಲಮ್ಮ. ಎಲ್ಲ ಕತ್ತೆಗಳೂ ಒಂದೇ ಕಡೆ ಮುಖ ಮಾಡ್ಕೊಂಡು." ಆಮೇಲೆ ದನಿ ತಗ್ಗಿಸಿ, "ಯಾರಿಗೂ ಗೊತ್ತಾಗಲ್ಲ ಮಗಳೇ. ನೀನು ಹೂಂ ಅಂದ್ರೆ ಹಾಗೇ ಹಾಕ್ತೀನಿ. ಹೋದವನ ಹೆಸರು, ಇರಲಿ."

"ಆಮೇಲೆ ಹೇಳ್ತೀನಿ."

ಮನೆಯಲ್ಲಿ ನಿಲ್ಲಲಾಗಲಿಲ್ಲ. ಫೋಟೋವನ್ನು ಕವರಿಗೆ ಹಾಕಿಕೊಂಡು ಹೊರಟೆ. ಎರಡು ಸಲ ಹಿಂದಿರುಗಲು ನೋಡಿದೆ.

ಕಟಿಂಗ್ ಶಾಪಿನಾತ ಒಬ್ಬರ ಒಂದು ಕೆನ್ನೆ ಬೋಳಿಸಿ ಮುಗಿಸಿದ್ದ. ನನ್ನನ್ನು ಕಂಡು ರೇಡಿಯೋ ಆರಿಸಿದ.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ನಾನೇ ಬರ್ತಿದ್ದೆ, ನಿಮಗೆ ಯಾಕೆ ತೊಂದ್ರೆ." ಗಿರಾಕಿಯ ಕಡೆ ತಿರುಗಿ, "ಹೇಳ್ತಿದ್ನಲ್ಲಾ ಸಾರ್, ಇವರ ಯಜಮಾನ್ರೇ ಕಂಡುಹಿಡಿದಿದ್ದು. ಪ್ರಪಂಚಕ್ಕೇ ಒಂದೇ ವಿಮಾನ! ಅದರ ಪಕ್ಕ ನಮ್ಮಪ್ಪ!"

"ಪ್ರಪಂಚ ಎಲ್ಲೂ ಹೋಗಲ್ಲಪ್ಪ. ನನ್ನ ಇನ್ನೊಂದು ಕೆನ್ನೆ ಮುಗಿಸು."

ಸುಮ್ಮನೆ ಕೊಟ್ಟು ಬರಬಹುದಿತ್ತು. ನನಗೆ ಬೇಕಾದದ್ದೂ ಅದೇ.

"ಒಂದೇ ಅಲ್ಲ," ಎಂದೆ. "ಅಂಥವು ನೂರಾರು ಇದ್ವು. ಫೋಟೋ ತಿರುಗಾಮುರುಗಾ ಅಚ್ಚಾಗಿದೆ. ಅವರು ತಪ್ಪು ಹೇಳಿದ್ರು."

ಅವನು ಹೋದಾಗಿನಿಂದ ಬಂದವರೆಲ್ಲ ಅವನ ಒಳ್ಳೆಯತನವನ್ನೇ ಆಡಿದ್ದರು. ತಪ್ಪು ಎಂದ ಮೇಲೆ ಅವನು ಎಲ್ಲೋ ಪಕ್ಕದಲ್ಲೇ ನಿಂತು ವಾದಕ್ಕೆ ಬಾಯಿ ತೆರೆದಂತಾಯಿತು. ನನಗೆ ಅದು ಬೇಕಿತ್ತು. ಮುಖಪುಟಕ್ಕಿಂತ ಹೆಚ್ಚು ಬೇಕಿತ್ತು.

ಆತನ ಮುಖ ಇಳಿಯಿತು. "ಹಾಗಾದ್ರೆ ನಮ್ಮಪ್ಪನೂ ತಿರುಗಾಮುರುಗಾನಾ?"

ಅರ್ಧ ನೊರೆಯ ಗಿರಾಕಿ ಕಿಸಕ್ಕನೆ ನಕ್ಕರು. ನಾನು ಫೋಟೋ ತೆಗೆದು ಗೋಡೆಯ ಕನ್ನಡಿಗೆ ಎದುರಾಗಿ ಹಿಡಿದೆ. ಆತ ಗಿರಾಕಿಯ ಹೆಗಲ ಮೇಲಿಂದ ಬಾಗಿ ನೋಡಿದ. ಕತ್ತಿ ಹಿಡಿದ ಕೈ ಕೆಳಗಿಳಿಯಿತು.

"ಬೈತಲೆ... ಈ ಕಡೆಗೇ ಅಲ್ವಾ ತೆಗೀತಿದ್ದಿದ್ದು. ಕೊನೆಕೊನೆಗೆ ನಾನೇ ಬಾಚ್ತಿದ್ದೆ," ಎಂದ, ಯಾರಿಗೂ ಅಲ್ಲದೆ.

ಅಲ್ಲಿಂದಲೇ ಬಾಲದಜ್ಜನಿಗೆ ಫೋನ್ ಮಾಡಿದೆ. "ತೆಗೆದುಬಿಡಿ."

"ಹೂಂ," ಎಂದರು. "ಅವನಿದ್ದಿದ್ರೆ ಒಂದು ವಾರ ಊಟ ಬಿಡ್ತಿದ್ದ."

"ಮೂರು ಹೊತ್ತೂ ತಿಂದು, ನನ್ನ ಮೇಲೆ ಎಗರಾಡ್ತಿದ್ದ," ಎಂದೆ.

ಕಟಿಂಗ್ ಶಾಪಿನಾತ ಕೈಯನ್ನು ಟವೆಲಿಗೆ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡು ಎರಡೂ ಕೈ ಚಾಚಿದ. ಕೊಟ್ಟೆ.