ನಡುಬೈಲು ಮನೆಯ ಸಣ್ಣ ಸೊಸೆ

ಕುಂಬಳೆಯ ಆ ಸಭಾಂಗಣದ ಬಾಗಿಲಲ್ಲೇ ಜಸೀಲಾ ನಿಂತುಬಿಟ್ಟಳು. ಗೋಡೆ ತುಂಬ ಚಿತ್ರಗಳು. ಪ್ರತಿ ಶನಿವಾರ ಮನಸ್ಸು ಸೋತವರು ಅವಳ ಪಕ್ಕ ಕೂತು ಬರೆದ ಚಿತ್ರಗಳೇ ಅವು. ಮೂರು ವರ್ಷದ ಹಿಂದೆ ಅವಳೂ ಹಾಗೆಯೇ ಮಂಕು ಹಿಡಿದು ಕೂತವಳು. ಅದಕ್ಕೇ ಜನ ಅವಳೆದುರು ಬಾಯಿ ಬಿಡುತ್ತಿದ್ದರು, ಮಾತಾಡಲು ಆಗದವರು ಬಣ್ಣ ಹಿಡಿಯುತ್ತಿದ್ದರು. ಆ ಶನಿವಾರದ ಕೋಣೆಯಿಂದ ಒಂದು ಕಾಗದವೂ ಹೊರಗೆ ಹೋಗದೆಂದು ಮಾತು ಕೊಟ್ಟವಳು ಅವಳು. ಅದನ್ನು ನಡೆಸುವ ಸಂಘದ ಕಾರ್ಯದರ್ಶಿ ಲೋಕನಾಥ ವರದಿಗೆ ಬೇಕೆಂದಾಗ ಚಿತ್ರಗಳ ಕಟ್ಟು ಪೂರ್ತಿ ಎತ್ತಿಕೊಟ್ಟವಳೂ ಅವಳೇ.

ಶನಿವಾರ ಬರುವವರಲ್ಲಿ ಒಬ್ಬಳಾದ ಪ್ರೇಮಾವತಿ ಬರೆದ ಬಾವಿ ನಟ್ಟನಡುವೆ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿತ್ತು. ಕೆಳಗೊಂದು ಚೀಟಿ: 'ಬಾವಿಕಟ್ಟೆಯಿಂದ ಬದುಕಿಗೆ. ಕಲಾವಿದೆ: ನಡುಬೈಲು ಮನೆಯ ಸಣ್ಣ ಸೊಸೆ.'

"ಲೋಕಣ್ಣ, ಇದೆಂತ?"

"ಹೆಸರು ಹಾಕ್ಲಿಲ್ಲ ಮಾರಾಯ್ತಿ. ಗುಟ್ಟು ಗುಟ್ಟಾಗಿಯೇ ಉಂಟು."

"ನಡುಬೈಲಿನಲ್ಲಿ ಸಣ್ಣ ಸೊಸೆ ಎಷ್ಟು ಜನ?"

"ಒಬ್ಬಳೇ ಅಲ್ವಾ," ಎಂದವನಿಗೆ ಆಗಲೂ ಹೊಳೆಯಲಿಲ್ಲ. "ಮನೆಗೊಂದು ಮರ್ಯಾದೆ ಅಂತ ಹಾಕಿದ್ದು."

ಚಿತ್ರದ ಮುಂದೆ ಇಬ್ಬರು ಹೆಂಗಸರು ಚೀಟಿ ಓದುತ್ತಿದ್ದರು. "ಓ, ನಮ್ಮ ಪ್ರೇಮನಾ? ಆಗ ತಲೆನೋವು ಅಂತ ಹೇಳಿದ್ದಲ್ವಾ ಮನೆಯವರು?"

ಅವರ ಬೆನ್ನ ಹಿಂದೆಯೇ ಪ್ರೇಮಾವತಿ ನಿಂತಿದ್ದಳು.

"ಜಸೀಲಾ, ಇದನ್ನು ಇವರಿಗೆ ಕೊಟ್ಟದ್ದು ಯಾರು?"

"ನಾನು, ಪ್ರೇಮಕ್ಕ."

ಪ್ರೇಮಾವತಿ ಬೈಯಲಿಲ್ಲ. ನೆಲ ನೋಡಿದಳು. ಆ ಮುಖ ಮೇಲೆತ್ತಿಸಲು ಹನ್ನೊಂದು ಶನಿವಾರ ಹಿಡಿದಿತ್ತು.

ಅಷ್ಟರಲ್ಲಿ ಮೈಕಿನಲ್ಲಿ ಜಸೀಲಾಳ ಹೆಸರು ಕೂಗಿದರು. ಲೋಕನಾಥ ಶಾಲು ಹಿಡಿದು ಬಂದೇಬಿಟ್ಟ. "ಸ್ವಲ್ಪ ನಗು, ಫೋಟೋ ಉಂಟು." ಗಂಜಿ ಹಾಕಿದ ಬಟ್ಟೆ ಕುತ್ತಿಗೆಗೆ ತಾಗಿದ್ದೇ ತಡ, ನೆಲ ಒರೆಸಿದ ಒದ್ದೆ ಚಿಂದಿ ಬಿದ್ದಂತಾಗಿ ಮೈಯೆಲ್ಲ ಹೇಸಿತು. ಅದನ್ನು ಕಿತ್ತು ಅವನ ಕೈಗೇ ತುರುಕಿ, ಬಾವಿಯ ಚಿತ್ರವನ್ನು ಗೋಡೆಯಿಂದ ಕಿತ್ತೆಳೆದಳು. ಮೊಳೆಯೊಟ್ಟಿಗೆ ಗಾರೆಯೂ ಬಂತು.

"ಅತಿಥಿಗಳು ಇನ್ನೂ ನೋಡ್ಲಿಲ್ಲ ಮಾರಾಯ್ತಿ."

"ಮೊಳೆ ಹೊಡೆದು ನೀವೇ ನೇತಾಡಿ. ಮನೆ ಹೆಸರೂ ಬರೆಸಿ."

ಹೊರಗೆ ಮೆಟ್ಟಿಲಲ್ಲಿ ಪ್ರೇಮಾವತಿ ಚೌಕಟ್ಟನ್ನು ಸೆರಗಿಗೆ ಒತ್ತಿಕೊಂಡಳು.

"ಶನಿವಾರ ಬರ್ತೀರಾ, ಪ್ರೇಮಕ್ಕ?"

"ಅತ್ತೆಯದ್ದು ಒಂದು ಬರೆದಿದ್ದೆ, ಕೋಲು ಹಿಡಿದದ್ದು. ಅದೆಲ್ಲಿ ಉಂಟು?"

ಅದು ಊಟದ ಸಾಲಿನ ಎದುರೇ ತೂಗುತ್ತಿತ್ತು. ಬರುವಾಗಲೇ ಜಸೀಲಾ ನೋಡಿದ್ದಳು. ಬಿರಿಯಾನಿಯ ವಾಸನೆಗೆ ಮೂಗು ಮುಚ್ಚಿ, ಗೋಡೆಯಲ್ಲಿದ್ದಷ್ಟನ್ನೂ ಇಳಿಸಲು ಮತ್ತೆ ಒಳಗೆ ಹೋದಳು.